ನಾಲ್ಕು ತಾಸಿನ ಹಸಿವು

ವಾರಕ್ಕೆ 3 ಸಲ, ಸಲಕ್ಕೆ 4 ತಾಸು ನಮ್ಮವರಿಗೆ ಡಯಾಲಿಸಿಸ್. ಡೊಂಬಿವಲಿಯಿಂದ ಠಾಣೆಗೆ ಲೋಕಲ್‌ನಲ್ಲಿ ಹೋಗಬೇಕು. ಮನೆಯಲ್ಲಿ ಉಂಡು ಹೊರಟದ್ದು ಎಲ್ಲಿ ಸಾಲುತ್ತದೆ? ಮೊದಲ ತಿಂಗಳಲ್ಲಿ ಒಂದಿನ, ಮಷೀನು ಶುರುವಾಗಿ 2 ತಾಸಾಗಿತ್ತು, "ಹಸಿವಾಗೇದ, ಏನರ ಕೊಡು" ಅಂದರು. ಹಸಿದವರಿಗೆ ಇಲ್ಲ ಅನ್ನಲು ಧಾರವಾಡದವಳಿಗೆ ಬರುತ್ತದೆಯೇ? ಡಬ್ಬಿ ಬಿಚ್ಚಿ ಹೊಟ್ಟೆತುಂಬ ಉಪ್ಪಿಟ್ಟು ತಿನ್ನಿಸಿದೆ. ಅರ್ಧ ತಾಸಿಗೆ ಆಕಳಿಕೆ, ತಣ್ಣನೆ ಬೆವರು, ಬಿ.ಪಿ. 80ಕ್ಕೆ ಇಳಿದಿತ್ತು. ಸಿಸ್ಟರ್ ಓಡಿಬಂದು ಕಾಲು ಎತ್ತರಿಸಿ ಸಲೈನ್ ಬಿಟ್ಟರು. ಉಂಡ ಮೇಲೆ ರಕ್ತ ಹೊಟ್ಟೆಯ ಕಡೆ ಹರಿಯುತ್ತದಂತೆ, ಇತ್ತ ಮಷೀನು ಮೈಯ ನೀರು ಎಳೆಯುತ್ತಿರುತ್ತದೆ. ನಾನೇ ಕೈಯಾರೆ ತಿನ್ನಿಸಿದ್ದೆನಲ್ಲ!

ಪಕ್ಕದ ಮಂಚದ ಮರಾಠಿ ಅಜ್ಜ ಮಾತ್ರ ನಡುವೆಯೇ ಪೋಹೆ ತಿಂದು ಗೊರಕೆ ಹೊಡೆಯುತ್ತಿದ್ದ. ಮೈ ಒಬ್ಬೊಬ್ಬರದು ಒಂದೊಂದು ಥರ. ಹಾಗಂತ ಉಪವಾಸ ಕೆಡವುವಂತೆಯೂ ಇಲ್ಲ, ಆ 4 ತಾಸಿನಲ್ಲಿ ಪ್ರೋಟೀನಿನ ಅಂಶವೂ ಸೋರಿಹೋಗುತ್ತದೆ. "ಮುಗಿದ ಮೇಲೆ ಮೊಟ್ಟೆಯ ಬಿಳಿ ಕೊಡಿ" ಅಂದರು ಡಾಕ್ಟರು. ಜನ್ಮದಲ್ಲಿ ಮೊಟ್ಟೆ ಮುಟ್ಟದವಳು ಈಗ ದಿನಾ ಬೇಯಿಸುತ್ತೇನೆ.

ಊರಿಂದ ಅತ್ತೆ ಫೋನಿನಲ್ಲಿ, "ಹೊಟ್ಟಿ ತುಂಬ ಉಣಸ್ತೀ ಇಲ್ಲವಾ?" ಅಂತಾರೆ. "ಹೂನ್ರಿ" ಅಂತೀನಿ. ಡಬ್ಬಿಯಲ್ಲೇನಿದೆ ಅಂತ ಇನ್ನೂ ಹೇಳಿಲ್ಲ.