ಗ್ಯಾಲಕ್ಸಿಗಳ ನೆರೆಹೊರೆ

ಯುಗಾದಿ ಅಮಾವಾಸ್ಯೆಯ ಆಚೀಚೆಯ ರಾತ್ರಿಗಳಲ್ಲಿ ಮನೆಯೊಳಗೆ ನನ್ನ ಕಾಲು ನಿಲ್ಲುವುದಿಲ್ಲ. ಹುಮನಾಬಾದಿನ ಹೈವೇ ದೀಪಗಳನ್ನು ಹಿಂದೆ ಬಿಟ್ಟು ಬಸವಕಲ್ಯಾಣದ ಕಡೆ ಬೈಕ್ ತಿರುಗಿಸುತ್ತೇನೆ. ತೊಗರಿ ರಾಶಿ ಮುಗಿದು ಬಯಲಾದ ಹೊಲ, ಕೂರಲು ಬದು, ಕೈಯಲ್ಲಿ ಬೈನಾಕ್ಯುಲರ್. ನಮ್ಮ ಸೀಮೆಯಿಂದ ಧ್ರುವನಕ್ಷತ್ರ ದಿಗಂತಕ್ಕಿಂತ 18 ಡಿಗ್ರಿಯಷ್ಟೇ ಮೇಲೆ. ಅದರ ಎರಡರಷ್ಟು ಎತ್ತರದಲ್ಲಿ, ಸಪ್ತರ್ಷಿಗಳ ಎಡಕ್ಕೆ, ಎಂ81 ಮತ್ತು ಎಂ82 ಎಂಬ ಗ್ಯಾಲಕ್ಸಿಗಳು ಒಂದೇ ನೋಟದೊಳಗೆ ಬರುತ್ತವೆ.

"ಏನ್ ಕಾಣ್ತದ್ರಿ ಅಲ್ಲಿ?" ಎಂದರು ನೀರು ಬಿಡಲು ಬಂದಿದ್ದ ಪಕ್ಕದ ಹೊಲದ ಕಾಕಾ. ಕೊಟ್ಟೆ. ಬಹಳ ಹೊತ್ತು ನೋಡಿ, "ಎರಡೂ ಹೊಗಿ ಇದ್ದಂಗ ಅವ" ಎಂದರು.

ನಿಜ, ಕಣ್ಣಿಗೆ ಅಷ್ಟೇ. ಆದರೆ 1.2 ಕೋಟಿ ಜ್ಯೋತಿರ್ವರ್ಷ ದೂರದ ಆ ಜೋಡಿಯಲ್ಲಿ ಎಂ81 ದೊಡ್ಡದು. ಅದರ ಗುರುತ್ವದ ಎಳೆತಕ್ಕೆ ಎಂ82ರ ಅನಿಲ ಕದಡಿ ನಡುವಿಗೆ ಸುರಿದಿದೆ; ಒತ್ತೊತ್ತಾಗಿ ಕುಸಿದು ನಕ್ಷತ್ರವಾಗುತ್ತಿದೆ, ನಮ್ಮ ಆಕಾಶಗಂಗೆಗಿಂತ ಸುಮಾರು 10 ಪಟ್ಟು ವೇಗದಲ್ಲಿ. ಎರಡರ ನಡುವೆ ಹಬ್ಬಿದ ಹೈಡ್ರೋಜನ್ ಎಳೆಗಳನ್ನು ರೇಡಿಯೋ ದೂರದರ್ಶಕಗಳು ಕಂಡಿವೆ. ಎಂ82ರಲ್ಲೇ 2014ರ ಜನವರಿಯಲ್ಲಿ ಒಂದು ನಕ್ಷತ್ರ ಸಿಡಿದದ್ದೂ ಕಂಡಿತು. ಇಷ್ಟು ತಿಳಿದು ನೋಡಿದಾಗ ಆ ಮಸುಕು ನನಗೆ ಬೇರೆಯೇ ಆಗುತ್ತದೆ.

ನಡುರಾತ್ರಿಗೆ ಕನ್ಯಾ ರಾಶಿ ನೆತ್ತಿಗೇರುತ್ತದೆ. ಸುಮಾರು 5.4 ಕೋಟಿ ಜ್ಯೋತಿರ್ವರ್ಷ ಆಚೆ ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳ ದಟ್ಟಣೆ. ಅಲ್ಲಿನ ದೈತ್ಯ ಎಂ87ರಲ್ಲಿ ಹೊಸ ಹುಟ್ಟು ಬಹುತೇಕ ನಿಂತಿದೆ. ನೆರೆಯೇ ಒಂದು ಕಡೆ ನಕ್ಷತ್ರ ಹುಟ್ಟಿಸುತ್ತದೆ, ಇನ್ನೊಂದು ಕಡೆ ಹುಟ್ಟನ್ನೇ ತಡೆಯುತ್ತದೆ. ನನ್ನನ್ನು ಹಿಡಿದಿಟ್ಟಿರುವುದು ಇದೇ. ಇಂಥ ದಟ್ಟಣೆಯೊಳಗೆಲ್ಲ ಕೋಟಿ ಡಿಗ್ರಿ ಮೀರಿದ ತೆಳು ಅನಿಲ ತುಂಬಿರುತ್ತದೆ. ಗಾಳಿಯಿಲ್ಲದ ರಾತ್ರಿಯಲ್ಲೂ ಬೈಕ್ ಓಡಿದರೆ ಹೆಗಲ ಟವೆಲ್ ಹಿಂದಕ್ಕೆ ಹಾರುತ್ತದಲ್ಲ, ಹಾಗೆ ಅದರೊಳಗೆ ನುಗ್ಗುವ ಗ್ಯಾಲಕ್ಸಿಯ ತಣ್ಣನೆಯ ಅನಿಲ ಹಿಂದೆ ಕಿತ್ತುಹೋಗುತ್ತದೆ. ನಕ್ಷತ್ರ ಕಟ್ಟಲು ಸರಕೇ ಉಳಿಯುವುದಿಲ್ಲ.

ಆದರೆ ಕಿತ್ತುಹೋದ ಅನಿಲವೂ ಸುಮ್ಮನಿರುವುದಿಲ್ಲ, ಅದರಲ್ಲೂ ನಕ್ಷತ್ರ ಹುಟ್ಟಬಹುದು! ಎಳೆಯ ಬಿಸಿ ನಕ್ಷತ್ರಗಳು ಸೂಸುವ ನೇರಳಾತೀತ ಬೆಳಕನ್ನು ವಾತಾವರಣ ತಡೆಯುತ್ತದೆ. ಅದಕ್ಕಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಕಟ್ಟಿದ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಮೇಲೇರಿತು. ಅದು ಏಬೆಲ್ 85 ಗುಚ್ಛದ ಜೆಒ201 ಎಂಬ ಗ್ಯಾಲಕ್ಸಿಯ ಹರಿದ ಬಾಲದಲ್ಲೇ ಹೊಸ ನಕ್ಷತ್ರಗಳನ್ನು ತೋರಿಸಿತು. ನನ್ನ ಬೈನಾಕ್ಯುಲರಿಗೆ ಆ ಗ್ಯಾಲಕ್ಸಿ ಎಟುಕದು. ಆದರೂ ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ತಿಮಿಂಗಿಲ ಪುಂಜದ ಡಿಫ್ಡಾ ನಕ್ಷತ್ರ ಹಿಡಿದು, ಅಲ್ಲಿಂದ ನೆಟ್ಟಗೆ ಮೇಲಕ್ಕೆ ಸುಮಾರು 9 ಡಿಗ್ರಿ ಎತ್ತಬೇಕು. ಜಾಗವನ್ನಾದರೂ ಕಾಕಾನಿಗೆ ತೋರಿಸಬೇಕು.