ಕಾಕತಿಯ ಬಯಲಲ್ಲಿ

ಬೆಳಗಾವಿ ಬಿಟ್ಟ ಬಸ್ಸು ಕೊಲ್ಹಾಪುರದ ಹೆದ್ದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಕಾಕತಿ. ಲಾರಿಗಳ ಆರ್ಭಟದಲ್ಲಿ ರಸ್ತೆ ದಾಟುವುದೇ ಒಂದು ಸಾಹಸ. ಓಣಿ ಹೊಕ್ಕ ಮೇಲೆ ನನ್ನ ಮಾತು ನನಗೆ ಕೇಳುತ್ತದೆ.

ನಮ್ಮ ಪುತ್ತೂರಿನ ಕಡೆ ಮನೆಗಳೆಲ್ಲ ಒಂಟಿ. ಜಗಲಿ ಇಳಿದರೆ ಅಂಗಳ, ಆಚೆ ಅಡಿಕೆ ತೋಟ, ಅದರಾಚೆ ಭತ್ತದ ಬೈಲು, ಮೇಲೆ ಗುಡ್ಡೆ. ಇಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಅಂಗಳದ ಕೆಲಸವನ್ನೆಲ್ಲ ಬಾಗಿಲ ಪಕ್ಕದ ಕಟ್ಟೆಯೇ ಮಾಡುತ್ತದೆ. ಅಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿ, "ಬರ್ರಿ, ಕುಂಡ್ರಿ" ಎಂದು ಜಾಗ ಬಿಡುತ್ತಾರೆ. ಯಜಮಾನರನ್ನು ಕೇಳಿದರೆ, "ಅಡವಿಗೆ ಹೋಗ್ಯಾರ್ರಿ."

ಅಡವಿ! ನಮ್ಮಲ್ಲಿ ಅದು ಪುಸ್ತಕದ ಮಾತು. ಕೇಳಿದೊಡನೆ ಆನೆ, ಹುಲಿ ಕಣ್ಣಮುಂದೆ ಬರುತ್ತವೆ. ಅಜ್ಜಿ ಕೈ ತೋರಿದ ಕಡೆ ಇರುವುದು ಆಳೆತ್ತರದ ಕಬ್ಬು. ಊರು ಮುಗಿದ ಮೇಲಿನ ಹೊಲದ ಸೀಮೆಗೂ ಅಡವಿ ಎಂದೇ ಹೆಸರು. ಪಕ್ಕದ ಮನೆಯವರ ಮಾತು ಮರಾಠಿ. ಅವರ 'ರಾನ' ಕೂಡ ಕಾಡೂ ಹೌದು, ಹೊಲವೂ ಹೌದು. ಒಂದು ದ್ರಾವಿಡ, ಒಂದು ಆರ್ಯ; ಬೇರೆ ಕುಲದ ಎರಡು ಭಾಷೆಗಳು ಒಂದೇ ಓಣಿಯಲ್ಲಿ ಹೀಗೆ ಕೂಡಿಕೊಂಡಿರುವುದು ಎಂಥ ಸೊಗಸು! 'ತ್ವಾಟ' ಎಂದಾಗ ನನ್ನ ಕಣ್ಣು ಅಡಿಕೆ ಮರ ಹುಡುಕುತ್ತದೆ. ಇಲ್ಲಿ ನೀರಾವರಿಯ ಭೂಮಿಯೇ ತ್ವಾಟ, ಬೆಳೆ ಯಾವುದಾದರೂ ಸರಿ.

1778ರಲ್ಲಿ ಕಿತ್ತೂರು ಚೆನ್ನಮ್ಮ ಹುಟ್ಟಿದ್ದು ಈ ಊರಿನಲ್ಲೇ. ಹುಡುಗಿಯಾಗಿದ್ದಾಗಲೇ ಕುದುರೆ ಸವಾರಿ, ಕತ್ತಿವರಸೆ ಕಲಿತಳೆಂದು ಜನ ಹೇಳುತ್ತಾರೆ. ಮುಂದೆ ಕಿತ್ತೂರಿನ ರಾಣಿಯಾಗಿ ಅವಳು ಬ್ರಿಟಿಷರೊಡನೆ ಕಾದಿದಾಗ, 1824ರ ಅಕ್ಟೋಬರಿನಲ್ಲಿ, ಅವರ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯೆದುರು ಸತ್ತುಬಿದ್ದ. ಆ ರಾಣಿ ಹುಟ್ಟಿದ ಊರಲ್ಲೂ ತಿಂಗಳ ದಿನಗಳ ಹೆಣ್ಣು 'ಹೊರಗಾಗ್ಯಾಳ'. ನಮ್ಮೂರಲ್ಲೂ ಅವಳು 'ಹೊರಗೆ'. ಈ ಒಂದು ಹೊರಗು ಮಾತ್ರ ನನ್ನನ್ನು ನೋಯಿಸುತ್ತದೆ.

ಆದರೆ ಬಯಲು! ಚೊಂಬು ಹಿಡಿದು ಹೋಗುವುದೂ ಬಯಲಕಡೆಗೆ, ರಾತ್ರಿಯೆಲ್ಲ ಎಚ್ಚರವಿದ್ದು ನೋಡುವುದೂ ಬಯಲಾಟ. ಶ್ರೀಕೃಷ್ಣ ಪಾರಿಜಾತ ಮೈದುಂಬಿ ಬೆಳೆದ ಜಿಲ್ಲೆಯಿದು. ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು 'ಜೋಕುಮಾರಸ್ವಾಮಿ' ನಾಟಕಕ್ಕೆ ಜೀವ ತುಂಬಿದ್ದೂ ಬಯಲಾಟದಿಂದಲೇ. ಇನ್ನು ಅಲ್ಲಮನ ಬಾಯಲ್ಲಿ ಬಯಲೆಂದರೆ ಪರವಸ್ತು. ಶರಣರು ಸಾಯುವುದಿಲ್ಲ, ಬಯಲಾಗುತ್ತಾರೆ. ಇಷ್ಟು ಕೆಳಗಿನಿಂದ ಅಷ್ಟು ಮೇಲಕ್ಕೆ ಒಂದೇ ಮಾತು ಹೋಗಬಲ್ಲುದೆಂದು ಬೈಲಿನಲ್ಲಿ ಭತ್ತ ಮಾತ್ರ ಕಂಡು ಬೆಳೆದ ನಾನು ಎಣಿಸಿರಲಿಲ್ಲ.

ಸೀಗಿ ಹುಣ್ಣಿಮೆ ಹತ್ತಿರವಿದೆ. ತೆನೆ ತುಂಬಿದ ಭೂಮಿಯನ್ನು ಬಸುರಿ ಎಂದು ಭಾವಿಸಿ, ಬಯಕೆಯ ಊಟ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ. ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಆ ಊಟದ ಒಂದು ಪಾಲನ್ನು ಬೆಳೆಯ ನಡುವೆ ಚರಗವೆಂದು ಚೆಲ್ಲಿ, ಆಮೇಲೆ ಮನೆಮಂದಿಯೆಲ್ಲ ಅಲ್ಲೇ ಕುಳಿತು ಉಣ್ಣುತ್ತಾರೆ. ರೊಟ್ಟಿ, ಕಡುಬು, ಎಣ್ಣೆಗಾಯಿಯ ಹೆಸರುಗಳನ್ನು ಅಜ್ಜಿ ಹೇಳುತ್ತಿದ್ದಂತೆ ನನ್ನ ಹಸಿವು ಕೆರಳುತ್ತದೆ. ಹೊಲ ನೋಡಲು ಹೊರಟರೆ ಹಸಿ ಮಣ್ಣು ಚಪ್ಪಲಿಯನ್ನು ಬಿಡಲೊಲ್ಲದು, ಕೊನೆಗೆ ಬರಿಗಾಲು.

ಮರುದಿನ ಖಾನಾಪುರ ತಾಲೂಕು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ, 2011ರಿಂದ ಭೀಮಗಡ ಅಭಯಾರಣ್ಯವಾಗಿರುವ ನಿಜವಾದ ಕಾಡು. ಜಾಂಬೋಟಿಯ ಚಹಾದಂಗಡಿಯಲ್ಲಿ ಯಾರೋ ಯಾರನ್ನೋ ಕುರಿತು "ರಾನಾತ್ ಗೇಲಾಯ್" ಎನ್ನುತ್ತಾರೆ. ಹೋಗಿದ್ದು ಕಾಡಿಗೋ ಗದ್ದೆಗೋ? ಕೇಳಿಯೇಬಿಡುತ್ತೇನೆ. ಅಂಗಡಿಯಾತ ಚಹಾ ಸೋಸುತ್ತ ನನ್ನ ಕಡೆ ತಿರುಗುತ್ತಾನೆ: "ಕಾಡಿನ್ಯಾಗ ಗದ್ದಿ ಅದಾವಲ್ರಿ ಅಕ್ಕಾರ!"