ಹಕ್ಕಿ ನೋಡಲು ಹೋದವಳ ಕಿವಿಯ ಕಥೆ

"ಹಕ್ಕಿ ನೋಡೋಕೆ ಬೆಳಗಾಗೆದ್ದು ಕೆರೆಗೇ ಹೋಗಬೇಕೇನವ್ವ? ಅಡುಗೆಮನೆ ಕಿಟಕೀಲಿ ಕೂತಿರೋ ಕಾಗೆ ಹಕ್ಕಿ ಅಲ್ವಾ?"

ನಮ್ಮ ಅತ್ತೆ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ನೀವೂ ಹಾಗೇ ಕೇಳುತ್ತೀರೇನೋ. ಕೇಳಿ, ಬೇಜಾರಿಲ್ಲ. ನಲವತ್ತಾರು ವರ್ಷದ ಹೆಂಗಸು, ಎಸ್ಸೆಸ್ಸೆಲ್ಸಿ ಓದಿದವಳು, ಕೊರಳಿಗೆ ದುರ್ಬೀನು ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆದರೆ ಮದ್ದೂರಿನಂಥ ಊರಿನಲ್ಲಿ ನಗುವವರಿಗೇನು ಕಡಿಮೆಯೇ?

ಆದದ್ದಿಷ್ಟು. 2024ರ ಜನವರಿ ಕೊನೆಯಲ್ಲಿ ಲೈಬ್ರರಿಗೆ ಪುಸ್ತಕ ಹಿಂದಿರುಗಿಸಲು ಹೋದಾಗ ಗೋಡೆಯ ಮೇಲೆ ಕೈಬರಹದ ಚೀಟಿಯೊಂದಿತ್ತು. ಹಕ್ಕಿಗಳನ್ನು ಗುರುತಿಸಲು ಕಲಿಯುವ ಆಸೆಯಿದ್ದವರು ಫೆಬ್ರವರಿ, ಮಾರ್ಚ್ ತಿಂಗಳ ಭಾನುವಾರಗಳಂದು ಬೆಳಿಗ್ಗೆ ಆರೂವರೆಗೆ ಕೆರೆ ಏರಿಯ ಬಳಿ ಸೇರಬಹುದು, ಏನೂ ಗೊತ್ತಿಲ್ಲದವರೇ ಬರಬೇಕು, ಹೆಂಗಸರೂ ಮಕ್ಕಳೂ ಬರಬಹುದು ಎಂದು ಬರೆದಿತ್ತು. "ಏನೂ ಗೊತ್ತಿಲ್ಲದವರೇ" ಅನ್ನುವ ಮಾತು ನನಗೆ ಹಿಡಿಸಿತು. ಈ ಲೋಕದಲ್ಲಿ ಏನೂ ಗೊತ್ತಿಲ್ಲದವರನ್ನು ಯಾರಪ್ಪ ಕರೀತಾರೆ!

ಮೊದಲ ಭಾನುವಾರ ನಾವು ಹನ್ನೊಂದು ಜನ. ಕರೆದವರು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಜೊತೆಗೆ ಅಂಚೆ ಕಚೇರಿಯ ಒಬ್ಬರು, ಇಬ್ಬರು ಕಾಲೇಜು ಹುಡುಗರು, ನಮ್ಮ ಬೀದಿಯ ಟೈಲರಮ್ಮ, ಆಕೆಯ ಹತ್ತು ವರ್ಷದ ಮಗಳು, ಹೀಗೆ. ಹನ್ನೊಂದು ಜನಕ್ಕೆ ಮೂರು ದುರ್ಬೀನು.

ದುರ್ಬೀನು ಹಿಡಿಯುವುದೇ ಒಂದು ವಿದ್ಯೆ ನೋಡಿ. ನಾನು ಅದನ್ನು ಕಣ್ಣಿಗೆ ಹಚ್ಚಿಕೊಂಡು ಹಕ್ಕಿಯನ್ನು ಹುಡುಕುತ್ತಿದ್ದೆ. ಕಂಡದ್ದೆಲ್ಲ ಬರೀ ಎಲೆ, ಆಕಾಶ, ಒಂದು ಸಲ ಅಂಚೆಯವರ ಕಿವಿ. ಮೇಷ್ಟ್ರು ಹೇಳಿಕೊಟ್ಟರು: "ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ನೋಡಿ. ನೋಟ ಕೀಳಬೇಡಿ. ಹಾಗೇ ನೋಡ್ತಾ ದುರ್ಬೀನನ್ನು ಕಣ್ಣಿನ ಹತ್ತಿರಕ್ಕೆ ತನ್ನಿ." ಹಾಗೆ ಮಾಡಿದೆ. ವಿದ್ಯುತ್ ತಂತಿಯ ಮೇಲಿದ್ದ ನೀಲಕಂಠ ಕಣ್ಣೆದುರಿಗೇ ಬಂದು ಕೂತಂತಾಯಿತು. ಕೂತಾಗ ಮಾಸಲು, ರೆಕ್ಕೆ ಬಿಚ್ಚಿದರೆ ಎರಡು ಬಗೆಯ ನೀಲಿ. ನಮ್ಮ ರಾಜ್ಯದ ಹಕ್ಕಿ ಅದು. ನಾನು ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೆ.

ನಿಮ್ಮಲ್ಲಿ ಯಾರಿಗಾದರೂ ಹೋಗುವ ಮನಸ್ಸಾದರೆ ಕೆಲವು ಮಾತು. ಕೆಂಪು, ಅಚ್ಚ ಬಿಳಿ ಸೀರೆ ಬೇಡ. ಹಸಿರು ಕಂದು ಬಣ್ಣದ ಹಳೆಯ ನೂಲಿನ ಸೀರೆ ಒಳ್ಳೆಯದು. ಬೆಳಿಗ್ಗೆ ಒಂಬತ್ತಾದರೆ ಬಿಸಿಲೇರಿ ಹಕ್ಕಿಗಳು ಸುಮ್ಮನಾಗುತ್ತವೆ, ಆದ್ದರಿಂದ ತಿಂಡಿ ಮಾಡಿಟ್ಟು ಹೋಗುತ್ತೇನೆಂದು ಕೂರಬೇಡಿ. ನಾನು ರಾತ್ರಿಯೇ ಗೊಜ್ಜವಲಕ್ಕಿಗೆ ಹುಣಿಸೆರಸ, ಬೆಲ್ಲ, ಸಾರಿನ ಪುಡಿ ಕಲಸಿಡುತ್ತಿದ್ದೆ. ಬೆಳಿಗ್ಗೆ ತರಿಯಾಗಿ ಪುಡಿ ಮಾಡಿದ ಅವಲಕ್ಕಿಗೆ ಸುರಿದು, ಒಗ್ಗರಣೆ ಹಾಕಿದರೆ ಮನೆಯವರಿಗೂ ಆಯಿತು, ಡಬ್ಬಿಗೂ ಆಯಿತು.

2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ಕೆರೆಯಲ್ಲಿ ನೀರು ನಡುವೆ ಮಾತ್ರ ಇತ್ತು. ಆದರೆ ಮೇಷ್ಟ್ರಿಗೆ ಅದರಿಂದ ಬೇಸರವಿಲ್ಲ. ಕೆಸರಿದ್ದರೆ ಕೆಸರಿನ ಹಕ್ಕಿ ಬರುತ್ತದೆ ಅನ್ನುವರು. ಬಾಲ ಕುಣಿಸುವ ಸಿಪಿಲೆಗಳನ್ನು ತೋರಿಸಿ, ಇವು ಚಳಿಗಾಲಕ್ಕೆ ಉತ್ತರದಿಂದ ಬಂದ ನೆಂಟರು, ಬೇಸಗೆಯಲ್ಲಿ ಹೊರಟುಬಿಡುತ್ತವೆ, ಈಗಲೇ ನೋಡಿಕೊಳ್ಳಿ ಎಂದರು. ಏರಿಯ ಕೆಳಗಿನ ತೋಟದಲ್ಲಿ ಕೋಗಿಲೆ ಕೂಗುತ್ತಿತ್ತು. ಕೂಗುವುದು ಗಂಡಂತೆ! ಕಪ್ಪಗೆ ಮಿರಿಮಿರಿ ಮಿಂಚುವ, ಕೆಂಪು ಕಣ್ಣಿನ ಗಂಡು. ಹೆಣ್ಣು ಕಂದು ಬಣ್ಣದ್ದು, ಮೈಯೆಲ್ಲ ಬಿಳಿ ಚುಕ್ಕೆ, ಅದರ ದನಿ ಕಿಕ್ ಕಿಕ್ ಎಂದಷ್ಟೇ. ಕಾಗೆಯ ಗೂಡಲ್ಲಿ ಮೊಟ್ಟೆಯಿಟ್ಟು ಹೋಗುವುದು ಅದರ ಪಾಲಿನ ಕೆಲಸ. ಇನ್ನು ಮೇಲೆ ಯಾರಾದರೂ ನಿಮ್ಮನ್ನು ಕೋಗಿಲೆ ಕಂಠದವಳು ಎಂದು ಹೊಗಳಿದರೆ ಸ್ವಲ್ಪ ಯೋಚಿಸಿ.

ಇದೆಲ್ಲ ಸಂತೋಷದ ಮಾತಾಯಿತು. ಎರಡನೆಯ ಭಾನುವಾರ ನಡೆದದ್ದನ್ನು ಹೇಳುತ್ತೇನೆ.

ತೋಟದ ಅಂಚಿನಲ್ಲೊಂದು ಮುದಿ ಮಾವಿನ ಮರ. ಅದರ ಮೈತುಂಬ ಬದನಿಕೆ. ಬದನಿಕೆ ನಿಮಗೆ ಗೊತ್ತೇ ಇದೆ, ಮರದ ಮೇಲೇ ಬೇರೂರಿ ಮರದ ರಸ ಹೀರುವ ಗಿಡ. ಅದನ್ನು ಮರದಿಂದ ಮರಕ್ಕೆ ಹಬ್ಬಿಸುವುದು ಬದನಿಕೆ ಹಕ್ಕಿಯೆಂದು ಮೇಷ್ಟ್ರು ವಿವರಿಸಿದರು. ಎಂಟು ಸೆಂಟಿಮೀಟರ್ ಉದ್ದದ ಹಕ್ಕಿ. ಬದನಿಕೆಯ ಹಣ್ಣು ನುಂಗುತ್ತದೆ, ಅಂಟಂಟು ಬೀಜ ಹೊರಗೆ ಬಂದಾಗ ಕೊಂಬೆಗೆ ಒರೆಸುತ್ತದೆ, ಅಲ್ಲೇ ಮೊಳೆಯುತ್ತದೆ. "ಹಕ್ಕಿ ಕಾಣೋದಕ್ಕೆ ಮುಂಚೆ ದನಿ ಕೇಳುತ್ತೆ. ಷ್... ಕೇಳಿ, ಟಿಕ್ ಟಿಕ್ ಟಿಕ್..."

ಎಲ್ಲರೂ ತಲೆ ಆಡಿಸಿದರು. ಟೈಲರಮ್ಮನ ಮಗಳು "ಅಲ್ಲಿ ಅಲ್ಲಿ" ಎಂದು ಬೆರಳು ತೋರಿಸಿದಳು. ನನಗೆ ಏನೂ ಕೇಳಲಿಲ್ಲ. ಕೋಗಿಲೆ ಕೇಳಿಸುತ್ತಿದೆ, ದೂರದ ರೈಲು ಕೇಳಿಸುತ್ತಿದೆ, ಕಂಚುಗಾರ ಹಕ್ಕಿ ಟಂಕ್ ಟಂಕ್ ಎಂದು ಚೆಂಬು ಬಡಿಯುವುದು ಕೇಳಿಸುತ್ತಿದೆ. ತಲೆಯ ಮೇಲಿನ ಕೊಂಬೆಯ ಟಿಕ್ ಟಿಕ್ ಮಾತ್ರ ಇಲ್ಲ. ಆಮೇಲೆ ಸೂರಕ್ಕಿ ಎಂದರು, ಬೆಳ್ಗಣ್ಣ ಎಂದರು. ಕೊಕ್ಕು ತೆರೆದು ಮುಚ್ಚುವುದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಸದ್ದಿಲ್ಲ. ಟಿ.ವಿ.ಯ ದನಿ ಅಡಗಿಸಿ ನೋಡಿದ ಹಾಗೆ.

ನಾನೇನು ಮಾಡಿದೆ ಗೊತ್ತೇ? ಎಲ್ಲರ ಜೊತೆ ತಲೆ ಆಡಿಸಿದೆ. "ಆಹಾ, ಎಷ್ಟು ಚೆನ್ನಾಗಿದೆ" ಎಂದೆ.

ಮುಂದಿನ ವಾರವೂ ಹಾಗೇ ಆಯಿತು. ಆ ದಿನ ಡಬ್ಬಿ ಬಿಚ್ಚಿ ತಿನ್ನುವಾಗ ಟೈಲರಮ್ಮನ ಮಗಳು ನನ್ನ ಪಕ್ಕ ಕೂತು, "ಆಂಟಿ, ನಿಮಗೆ ಬದನಿಕೆ ಹಕ್ಕಿ ಕೇಳಲ್ಲ ಅಲ್ವಾ? ನೀವು ಎಲ್ಲರೂ ನೋಡಿದ ಮೇಲೆ ನೋಡ್ತೀರ" ಅಂದಳು. ಅವಳಮ್ಮ ಗದರಿದರು. ನನಗೆ ಅವಲಕ್ಕಿ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮದು ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ. ಮದುವೆಯಾಗಿ ಬಂದ ಎರಡನೇ ವರ್ಷದಿಂದ ನಾನು ತೂಕ ನೋಡಿ, ಚೀಟಿ ಬರೆದು, ದುಡ್ಡು ಎಣಿಸಿಕೊಳ್ಳುತ್ತಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಆ ಸದ್ದಿನಲ್ಲಿ ಕೂತವಳು. ರಾಗಿ ಒಂದು ಕಡೆ, ಮೆಣಸಿನಕಾಯಿ ಇನ್ನೊಂದು ಕಡೆ. ಪುಡಿಗೆ ಮೂಗು ಬಾಯಿ ಕಟ್ಟಿಕೊಳ್ಳುತ್ತಿದ್ದೆವು. ಕಿವಿಯ ಯೋಚನೆ ಯಾರಿಗೂ ಬರಲಿಲ್ಲ.

ಮನೆಯಲ್ಲಿ ಹೇಳಿದೆ. ಅತ್ತೆ ಬೆಳ್ಳುಳ್ಳಿ ಎಣ್ಣೆ ಕಾಯಿಸಲು ಹೊರಟರು. ನಮ್ಮ ಮನೆಯವರು, "ವಯಸ್ಸಾಯ್ತು, ನಂಗೂ ಹಾಗೇ, ಏನಾಯ್ತೀಗ" ಎಂದು ಪೇಪರು ತಿರುವಿದರು. ಮಗಳು ಮಾತ್ರ ಏನೂ ಅನ್ನದೆ ಎದ್ದುಹೋದಳು.

ಮೇಷ್ಟ್ರಿಗೆ ವಿಷಯ ತಿಳಿದು (ತಿಳಿಸಿದ್ದು ಆ ಪುಟ್ಟ ಹುಡುಗಿಯೇ), ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ ಎಂದರು. ಮದ್ದೂರಿನಿಂದ ಬೆಳಗಿನ ರೈಲಿಗೆ ಹೋದೆ. ಜೊತೆಗೆ ಬಂದದ್ದು ಮಗಳು. ಸದ್ದೇ ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಸದ್ದು ಕೇಳಿದಾಗಲೆಲ್ಲ ಸೂಚನೆ ಕೊಡಬೇಕು. ಮೊದಮೊದಲು ಬೇಗ ಬೇಗ ಕೊಟ್ಟೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗಾಜಿನಾಚೆ ಕೂತ ಹುಡುಗಿ ಯಂತ್ರದ ಮೇಲೆ ಕೈಯಾಡಿಸುತ್ತಲೇ ಇದ್ದಾಳೆ, ಅಂದರೆ ಸದ್ದು ಬರುತ್ತಲೇ ಇದೆ ಎಂದು ಅರ್ಥವಾದಾಗ ಕಣ್ಣಲ್ಲಿ ನೀರು ಬಂತು.

ಗೆರೆ ಎಳೆದ ಕಾಗದ ತೋರಿಸಿ ತಿಳಿಯುವಂತೆ ಹೇಳಿದರು. ದಪ್ಪ ದನಿಗಳ ಕಡೆ ಗೆರೆ ಚೆನ್ನಾಗಿದೆ. ತೀಕ್ಷ್ಣವಾದ, ಸಣ್ಣ ದನಿಗಳ ಕಡೆ ಹೋಗುತ್ತಾ ಬಾವಿಗೆ ಬಿದ್ದಂತೆ ಇಳಿದಿದೆ. ಬಹಳ ಕಾಲ ಯಂತ್ರದ ಸದ್ದಿನಲ್ಲಿದ್ದವರಿಗೆ ಹೀಗಾಗುತ್ತದಂತೆ. ಕಿವಿಯೊಳಗೆ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಎಣ್ಣೆ ಬಿಡಬೇಡಿ, ಇದಕ್ಕೆ ಔಷಧಿಯಿಲ್ಲ, ಶ್ರವಣ ಯಂತ್ರ ಹಾಕಿಕೊಂಡರೆ ಅನುಕೂಲ, ಇನ್ನು ಮೇಲೆ ಮಿಲ್ಲಿನಲ್ಲಿ ಕಿವಿ ಮುಚ್ಚುವ ಸಾಧನ ಹಾಕಿಕೊಳ್ಳದೆ ಕೂರಬೇಡಿ ಎಂದರು. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇದ್ದರೆ ಕಿವಿಗೆ ಅಪಾಯ. ಎದುರಿಗಿರುವವರು ಕೂಗಿ ಮಾತಾಡಬೇಕಾದರೆ ಸದ್ದು ಹೆಚ್ಚಾಗಿದೆ ಎಂದು ತಿಳಿಯಬೇಕು. ಬರೀ ಹತ್ತಿ ಇಟ್ಟುಕೊಂಡರೆ ಸಾಲದು.

ಆಮೇಲೆ ಆಕೆ ಇನ್ನೊಂದು ಮಾತು ಹೇಳಿದರು. "ನಿಮಗೆ ಮಾತಿನ ಸದ್ದು ಕೇಳುತ್ತೆ. ಆದರೆ ಸ, ಶ, ತ, ಕ ಇಂಥ ಅಕ್ಷರಗಳು ಬಿಟ್ಟುಹೋಗ್ತವೆ. ಹೆಂಗಸರು, ಮಕ್ಕಳು ಮೆತ್ತಗೆ ಮಾತಾಡಿದರೆ ಅರ್ಧ ಗೊತ್ತಾಗಲ್ಲ. ಮನೇಲಿ ಇವರು ಗಮನ ಕೊಡಲ್ಲ ಅಂದ್ಕೊಂಡಿರ್ತಾರೆ."

ಮಗಳು ಅಲ್ಲೇ ಅಳತೊಡಗಿದಳು.

ಜನವರಿಯ ಒಂದು ರಾತ್ರಿ ದೀಪ ಆರಿಸಿದ ಮೇಲೆ ಅವಳು ನನ್ನ ಪಕ್ಕ ಬಂದು ಮಲಗಿ ಏನೋ ಹೇಳಿದ್ದಳು. ನಾನು, "ಹೂಂ ಹೂಂ, ನಾಳೆ ನೋಡೋಣ, ಮಲಕ್ಕೋ" ಎಂದಿದ್ದೆ. ಅವಳು ಹೇಳಿದ್ದು, "ಅಮ್ಮಾ, ನನ್ನ ಕೈಲಿ ಸೈನ್ಸ್ ಆಗ್ತಿಲ್ಲ, ಕ್ಲಾಸಲ್ಲಿ ಕೂತ್ರೆ ಅಳು ಬರುತ್ತೆ, ಬಿಟ್ಟುಬಿಡ್ಲಾ?" ಎಂದು. ಮಾರನೇ ದಿನ ನಾನು ಆ ಮಾತೇ ಎತ್ತಲಿಲ್ಲ. ಹೇಗೆ ಎತ್ತಲಿ, ಕೇಳಿಸಿದ್ದರೆ ತಾನೆ? ಅಮ್ಮನಿಗೆ ನನ್ನ ಗೊಡವೆ ಬೇಡ ಎಂದು ಅವಳು ಎರಡು ತಿಂಗಳು ಮಾತು ಕಡಿಮೆ ಮಾಡಿದ್ದಳು. ಹದಿನಾರರ ಹುಡುಗಿಯರ ಮುನಿಸು ಹೀಗೇ ಎಂದು ನಾನು ಸುಮ್ಮನಿದ್ದೆ. ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ "ಹೂಂ" ಎಂದು ಸುಮ್ಮನಾಗುತ್ತಿದ್ದರೆ, ದಯವಿಟ್ಟು ಒಮ್ಮೆ ದೀಪ ಹಾಕಿ, ಮುಖ ನೋಡಿ ಇನ್ನೊಂದು ಸಲ ಹೇಳಿ.

ಜೂನ್‌ನಲ್ಲಿ ಅವಳನ್ನು ಕಾಮರ್ಸ್‌ಗೆ ಸೇರಿಸಿದೆವು. ಒಂದು ವರ್ಷ ಹೋಯಿತು. ಹೋಗಲಿ.

ಯಂತ್ರ ಹಾಕಿಕೊಂಡ ಮೊದಲ ದಿನ ಹಿತವಾಗಿತ್ತು ಎಂದು ಸುಳ್ಳು ಹೇಳಲಾರೆ. ಪಾತ್ರೆ ತೊಳೆದರೆ ತಲೆಯೊಳಗೇ ಪಾತ್ರೆ ಬಿದ್ದಂತೆ, ಪ್ಲಾಸ್ಟಿಕ್ ಚೀಲ ಮುಟ್ಟಿದರೆ ಬೆಂಕಿ ಚಿಟಿಚಿಟಿ ಎಂದಂತೆ. ನನ್ನ ಬಳೆಯ ಸದ್ದು ನನಗೇ ಹೊಸದು. ಅತ್ತೆ, "ಈಗ ಗೊಣಗಿದ್ದೂ ಕೇಳುತ್ತೇನವ್ವ?" ಎಂದು ವಿಚಾರಿಸಿಕೊಂಡರು. ಕೇಳುತ್ತೆ ಅತ್ತೆಮ್ಮ ಎಂದೆ. ಪಾಪ, ಒಂದು ವಾರ ಮನೆ ಬಹಳ ಶಾಂತವಾಗಿತ್ತು.

ಆ ವರ್ಷ ಯುಗಾದಿಯ ಹಿಂದಿನ ಭಾನುವಾರ ಎಲ್ಲರೂ ಕೊಕ್ಕರೆ ಬೆಳ್ಳೂರಿಗೆ ಹೋದೆವು. ನಮ್ಮ ತಾಲ್ಲೂಕಿನದೇ ಊರು, ಶಿಂಷಾ ಹೊಳೆಗೆ ಹತ್ತಿರ. ಇಷ್ಟು ಹತ್ತಿರವಿದ್ದೂ ನಾನು ನೋಡಿರಲಿಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಕಂಡು ಹೊರಗಿನವರಿಗೆ ತಿಳಿಸಿದರಂತೆ. 2007ರಲ್ಲಿ ಇದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಸಾರಿದರು. ಊರವರಿಗೆ ಮಾತ್ರ ಅಜ್ಜಂದಿರ ಕಾಲದಿಂದ ಗೊತ್ತು. ಕಾಡಲ್ಲ, ಮೃಗಾಲಯವಲ್ಲ. ಮನೆಯ ಮುಂದಿನ ಹುಣಿಸೇಮರದಲ್ಲಿ ಗೂಡು, ಕೆಳಗೆ ಎಮ್ಮೆ, ಪಕ್ಕದಲ್ಲಿ ಬಟ್ಟೆ ಒಣಗಿಸಿದ ತಂತಿ. ವಾಸನೆ ಮೂಗಿಗೆ ಬಡಿಯುತ್ತದೆ, ಹೇಳದೆ ಇರಬಾರದು. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಹೆಜ್ಜಾರ್ಲೆ ಬಳಗವೆಂಬ ತಂಡವಿದೆ. ಹುಣಿಸೇಹಣ್ಣು ಬಡಿಯಲಾಗದೆ ನಷ್ಟವಲ್ಲವೇ ಎಂದು ಜಗುಲಿಯ ಮೇಲಿದ್ದ ಅಜ್ಜಿಯನ್ನು ಕೇಳಿದೆ. "ಬಾಣಂತನಕ್ಕೆ ಬಂದ ಹೆಣ್ಮಕ್ಕಳಿದ್ದಂಗೆ ಕಣವ್ವ. ಅವುರ್ನ ಓಡ್ಸಿ ಹುಣ್ಸೆಹಣ್ಣು ತಿನ್ನಾದಾ?" ಅಂದಿತು ಅಜ್ಜಿ.

ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ನೋಡಿದೆ. ಬಣ್ಣದ ಕೊಕ್ಕರೆಯೊಂದು ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಡಿಸಿ, ಮರಿಗಳಿಗೆ ನೆರಳು ಮಾಡಿ ನಿಂತೇ ಇತ್ತು. ನಾವು ಕಾಫಿ ಕುಡಿದು ಬಂದರೂ ಹಾಗೇ ನಿಂತಿತ್ತು. ಬೆಳೆದ ಬಣ್ಣದ ಕೊಕ್ಕರೆ ಬಹುಮಟ್ಟಿಗೆ ಮಾತಿಲ್ಲದ ಹಕ್ಕಿ, ಗೂಡಿನಲ್ಲಿ ಕೊಕ್ಕಿನ ಎರಡು ತುಂಡನ್ನು ಬಡಿದು ಕಟಕಟ ಅನ್ನಿಸುತ್ತದೆ. ನಾನು ಯಂತ್ರ ತೆಗೆದು ಕೇಳಿದೆ, ಹಾಕಿ ಕೇಳಿದೆ. ತೆಗೆದಾಗ ಮರದ ಗದ್ದಲವೆಲ್ಲ ಒಂದೇ ಮುದ್ದೆ. ಹಾಕಿದಾಗ ಕಟಕಟ ಬೇರೆ, ಮರಿಗಳ ಚೀರಾಟ ಬೇರೆ. ಮಗಳು ಪಕ್ಕದಲ್ಲಿದ್ದಳು. ಏನೋ ಪಿಸುಗುಟ್ಟಿದಳು. "ಏನು ಈ ವಾಸನೆ, ಮನೇಗ್ ಹೋಗೋಣ" ಎಂದದ್ದು. ಕೇಳಿತು!

ಬದನಿಕೆ ಹಕ್ಕಿಯ ದನಿ ಮಾತ್ರ ಯಂತ್ರಕ್ಕೂ ಸಿಕ್ಕಿಲ್ಲ. ಸೂರಕ್ಕಿ ಒಂದಿಷ್ಟು ಸಿಕ್ಕಿದೆ. ಟೈಲರಮ್ಮನ ಮಗಳು ನನ್ನ ಕಿವಿಯ ಕೆಲಸ ವಹಿಸಿಕೊಂಡಿದ್ದಾಳೆ, ಟಿಕ್ ಎಂದಾಗಲೆಲ್ಲ ನನ್ನ ಅಂಗೈ ಮೇಲೆ ಬೆರಳಿಂದ ಬಡಿಯುತ್ತಾಳೆ.

ಮಿಲ್ಲಿನ ಹುಡುಗನಿಗೂ ನನಗೂ ಕಿವಿ ಮುಚ್ಚುವ ಸಾಧನ ತರಿಸಿದೆ. ನಮ್ಮ ಮನೆಯವರು ಹಾಕಿಕೊಳ್ಳಲು ಒಪ್ಪಲಿಲ್ಲ, ಗಿರಾಕಿ ಏನಂದುಕೊಳ್ಳುತ್ತಾರೆ ಎಂದು. ವಾದ ಮಾಡಿ ಬೇಸತ್ತು ಬಿಟ್ಟೆ. 2025ರ ಫೆಬ್ರವರಿಯಲ್ಲಿ ಹೊಸ ಗುಂಪು ಶುರುವಾದಾಗ, ಸುಮ್ಮನೆ ಗಾಳಿ ಸೇವನೆಗೆ ಬನ್ನಿ ಎಂದು ಅವರನ್ನು ಕರೆದುಕೊಂಡು ಹೋದೆ. ಅದೇ ಮಾವಿನ ಮರ. ಮೇಷ್ಟ್ರು "ಷ್... ಕೇಳಿ" ಎಂದರು. ಹೊಸಬರೆಲ್ಲ ತಲೆಯೆತ್ತಿದರು. ಹುಡುಗಿಯ ಬೆರಳು ನನ್ನ ಅಂಗೈ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. ನಮ್ಮ ಮನೆಯವರು ಅತ್ತ ನೋಡಿದರು, ಇತ್ತ ನೋಡಿದರು, ಆಮೇಲೆ ಎಲ್ಲರಂತೆ ತಲೆ ಆಡಿಸಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರಿಗೂ ಅದು ಗೊತ್ತಾಯಿತು. ಮನೆಗೆ ಬರುವ ದಾರಿಯಲ್ಲಿ ಏರಿ ಇಳಿಯುವಾಗ, "ಮೈಸೂರಿಗೆ ಯಾವ ರೈಲಿಗೆ ಹೋಗಿದ್ದೆ ನೀನು?" ಎಂದು ಕೇಳಿದರು.